ಶಿವರಾತ್ರಿಗೇ ಮಾಳಿಗೆಗೆ ಸುಣ್ಣ: ಬೇಸಿಗೆಗೆ ಮನೆ ತಂಪಾಗಿಸುವುದು ಹೀಗೆ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆ ಅದು ಓಡುವ ಭರದಲ್ಲಿ ಬಾಗಿಲನ್ನೂ ಮುಚ್ಚಿಕೊಂಡು ಹೋಗುವುದಿಲ್ಲ. ಹಿಂದೆಯೇ ಬಿಸಿಲು ಬಂದು ಪಡಸಾಲೆಯಲ್ಲಿ ಕೂತುಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ಹಲವು ವರ್ಷಗಳ ರೂಢಿ. ಕಚೇರಿಯೇನೋ ಮುಚ್ಚಿತು, ನೌಕರ ಹೋಗುವುದು ಎಲ್ಲಿಗೆ? ಮನೆಗೆ. ಅಲ್ಲಿ ಬೆಳಗಿನಿಂದ ಕಾದ ಕಾಂಕ್ರೀಟು ಅವನ ದಾರಿ ಕಾಯುತ್ತಿರುತ್ತದೆ.

ಈ ಸೀಮೆಯ ಹಳೆಯ ಮನೆಗಳಲ್ಲಿ ತೊಲೆ, ಜಂತಿಗಳ ಮೇಲೆ ಒಂದು ಅಡಿಯಷ್ಟು ದಪ್ಪದ ಮಣ್ಣಿನ ಮೇಲ್ಮುದ್ದೆ ಇರುತ್ತಿತ್ತು. ಮಧ್ಯಾಹ್ನದ ಕಾವು ಅದನ್ನು ದಾಟಿ ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿ, ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಈಗಿನ ನಾಲ್ಕೈದು ಇಂಚಿನ ಆರ್‌ಸಿಸಿ ಅಷ್ಟು ತಾಳ್ಮೆಯದಲ್ಲ. ಹಗಲು ಕುಡಿದ ಕಾವನ್ನು ಸಂಜೆಯಿಂದಲೇ ಕೋಣೆಗೆ ಇಳಿಸಲು ಶುರು ಮಾಡುತ್ತದೆ, ನಡುರಾತ್ರಿಯವರೆಗೂ ಇಳಿಸುತ್ತಲೇ ಇರುತ್ತದೆ. ಹಾಗೆಂದು ಮಣ್ಣಿನ ಮಾಳಿಗೆಗೆ ಮರಳಿ ಎಂದು ಹೇಳುವ ಧೈರ್ಯ ನನಗಿಲ್ಲ. ಪ್ರತಿ ಮಳೆಗಾಲಕ್ಕೆ ಮುನ್ನ ಮಣ್ಣು ಹೊತ್ತು ಹಾಕಿ, ಆದರೂ ಸೋರುವ ಕಡೆ ಬೋಗುಣಿ ಇಟ್ಟವರಿಗೆ ಆ ಕಷ್ಟ ಗೊತ್ತು.

‘ಬಿಸಿಲು ಮೊದಲೂ ಇತ್ತು’ ಎನ್ನುವವರು ಇದ್ದಾರೆ. ಇತ್ತು, ನಿಜ. ಆದರೆ 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅತ್ಯಂತ ಬಿಸಿಯ ವರ್ಷ 2024 ಎಂದು ಭಾರತ ಹವಾಮಾನ ಇಲಾಖೆ ದಾಖಲಿಸಿದೆ. ಆ ವರ್ಷದ ಏಪ್ರಿಲ್ 28ರಂದು, ತಂಪಿನೂರು ಎಂದು ಬೀಗುತ್ತಿದ್ದ ಬೆಂಗಳೂರಿನಲ್ಲೇ 38.5 ಡಿಗ್ರಿ ಇತ್ತು. ಬಯಲುಸೀಮೆಯವರು ಇದನ್ನು ಓದಿ ನಕ್ಕಿರಬಹುದು. ಆದರೆ ಬೆಂಗಳೂರಿನ ತಾರಸಿಯೂ ಕಲಬುರಗಿಯ ಮಾಳಿಗೆಯೂ ಒಂದೇ ಸಿಮೆಂಟಿನವು.

ಒಂದು ಸಣ್ಣ ಲೆಕ್ಕ ಹಾಕೋಣ. ನೆತ್ತಿಯ ಮೇಲಿನ ಸೂರ್ಯ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವಾಟ್ ಸುರಿಯುತ್ತಾನೆ. ಮಾಸಿದ ಕಾಂಕ್ರೀಟು ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಹೀರಿಕೊಂಡರೆ, ಹೊಸದಾಗಿ ಸುಣ್ಣ ಬಳಿದ ಮೇಲ್ಮೈ ಹೀರುವುದು ಇಪ್ಪತ್ತೈದು, ಮೂವತ್ತರಷ್ಟನ್ನು ಮಾತ್ರ. ಇಪ್ಪತ್ತು–ಮೂವತ್ತು ಅಡಿಯ ಸಾಧಾರಣ ಮನೆಯ ಮಾಳಿಗೆ ಸುಮಾರು 55 ಚದರ ಮೀಟರ್. ಈ ಎರಡರ ನಡುವಿನ ವ್ಯತ್ಯಾಸ 22ರಿಂದ 25 ಕಿಲೋವಾಟ್. ಅಂದರೆ ಇಪ್ಪತ್ತಕ್ಕೂ ಹೆಚ್ಚು ಇಸ್ತ್ರಿಪೆಟ್ಟಿಗೆಗಳನ್ನು ನಿಮ್ಮ ಮಾಳಿಗೆಯ ಮೇಲೆ ಬೋರಲು ಹಾಕಿ, ಮಧ್ಯಾಹ್ನ ಸ್ವಿಚ್ ಒತ್ತಿದಂತೆ. ಅದೆಲ್ಲ ಒಳಗೆ ಬರುವುದಿಲ್ಲ, ಗಾಳಿಗೂ ಆಕಾಶಕ್ಕೂ ಒಂದಷ್ಟು ಹೋಗುತ್ತದೆ. ಬರುವಷ್ಟೇ ಸಾಕು ನಿದ್ದೆಗೆಡಿಸಲು.

ಸುಣ್ಣ ಬಳಿದರೆ ಕೋಣೆಯ ಶಾಖ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಮೇಲಂತಸ್ತಿನವರಿಗೆ ಮಾತ್ರ ಈ ಲಾಭ. ಕೆಳಮನೆಯವರು ಚಂದಾ ಕೊಡಲು ಹಿಂಜರಿದರೆ ಅವರ ತಪ್ಪಲ್ಲ.

ಮೊದಲು ಅಳೆಯಿರಿ

ಕೆಲಸಕ್ಕೆ ಇಳಿಯುವ ವಾರದ ಮುಂಚೆ ಗೋಡೆಗೆ ತೂಗುಹಾಕುವ ಅಗ್ಗದ ಉಷ್ಣಮಾಪಕವೊಂದನ್ನು ತಂದು, ಮೇಲಿನ ಕೋಣೆಯ ಒಳಗೋಡೆಗೆ, ಎದೆಮಟ್ಟದಲ್ಲಿ ನೇತುಹಾಕಿ. ಮಧ್ಯಾಹ್ನ 3ಕ್ಕೆ ಒಮ್ಮೆ, ರಾತ್ರಿ 10ಕ್ಕೆ ಒಮ್ಮೆ ನೋಡಿ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಆ ದಿನದ ಊರಿನ ಗರಿಷ್ಠ ತಾಪಮಾನವನ್ನೂ ಪಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಸುಣ್ಣ ಬಳಿದ ಮೇಲೆ ಬಿಸಿಲೂ ಏರಿರುತ್ತದೆ, ‘ಏನೂ ಪ್ರಯೋಜನ ಆಗಲಿಲ್ಲ’ ಎಂದು ಮನೆಯವರು ಹಂಗಿಸುತ್ತಾರೆ. ರಾತ್ರಿ ಹತ್ತರ ಅಂಕಿಯೇ ಮುಖ್ಯ. ದೇಹ ಹಗಲಿನ ದಣಿವನ್ನು ಕಳೆದುಕೊಳ್ಳುವುದು ರಾತ್ರಿ. ರಾತ್ರಿಯೂ ಕೋಣೆ ಆರದಿದ್ದರೆ ಮುದುಕರು, ಎಳೆಮಕ್ಕಳು, ಬಸುರಿಯರು ಮರುದಿನವನ್ನು ದಣಿದೇ ಆರಂಭಿಸುತ್ತಾರೆ.

ಬಿರುಕು, ಪಾಚಿ, ನೀರು ನಿಲ್ಲುವ ಜಾಗ

ಸುಣ್ಣ ಸೋರಿಕೆಗೆ ಮದ್ದಲ್ಲ. ಬಿರುಕುಗಳಿದ್ದರೆ ಮೊದಲು ಗೌಂಡಿಯನ್ನು ಕರೆಸಿ ತುಂಬಿಸಿ. ಒಣಗಿದ ಪಾಚಿಯನ್ನು ತಂತಿ ಬ್ರಷ್‌ನಿಂದ ಕೆರೆದು, ಪೊರಕೆಯಿಂದ ಗುಡಿಸಿ, ಎರಡು ಸಲ ನೀರು ಹಾಕಿ ತೊಳೆಯಿರಿ. ತೊಳೆಯುವಾಗಲೇ ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಅಲ್ಲಿ ಬಳಿದ ಸುಣ್ಣ ಮೊದಲ ಮಳೆಗೇ ಏಳುತ್ತದೆ.

ಮೇಲ್ಛಾವಣಿ ಆಸ್ಬೆಸ್ಟಾಸ್ ಶೀಟಿನದಾಗಿದ್ದರೆ ಈ ಕೆರೆಯುವ ಕೆಲಸವನ್ನು ಖಂಡಿತ ಮಾಡಬೇಡಿ. ಅದರ ನಾರು ಧೂಳಾಗಿ ಎದ್ದು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಅಂಥ ಶೀಟಿನ ಮೇಲೆ ಕಾಲಿಡುವುದೂ ಅಪಾಯ, ಕುಸಿಯುತ್ತದೆ.

ಸುಣ್ಣ ಅರಳಿಸುವುದು

ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಸುಣ್ಣದ ಪುಡಿ ಸುಲಭ. ಆದರೆ ಚೆನ್ನಾಗಿ ಸುಟ್ಟ ಸುಣ್ಣದ ಕಲ್ಲು ಸಿಕ್ಕರೆ ಅದೇ ಮೇಲು. ಬಿಳುಪೂ ಹೆಚ್ಚು, ಹಿಡಿತವೂ ಹೆಚ್ಚು. ಹೇಳಿದ ಅಳತೆಯ ಮಾಳಿಗೆಗೆ ಮೂರು ಕೈ ಬಳಿಯಲು 15ರಿಂದ 20 ಕಿಲೋ ಇಟ್ಟುಕೊಳ್ಳಿ.

ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಕಿಲೋ ಸುಣ್ಣಕ್ಕೆ ಐದು ಲೀಟರಿನಂತೆ. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಇಳಿಸಿ. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಸುಣ್ಣ ಅರಳುವಾಗ ನೀರು ಕೊತಕೊತ ಕುದಿಯುತ್ತದೆ, ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮೊದಲ ವರ್ಷ ನಾನು ಜಾಣತನ ತೋರಿಸಲು ಹೋಗಿ ಸ್ನಾನದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರಳಿಸಿದೆ. ಬಕೆಟ್ಟಿನ ತಳ ಮೆತ್ತಗಾಗಿ ಒಂದು ಪಕ್ಕಕ್ಕೆ ವಾಲಿತು. ಅಂಗಳಕ್ಕೆ ಸುಣ್ಣ ಬಳಿದಂತಾಯಿತು, ಮಾಳಿಗೆಗಲ್ಲ. ಕಣ್ಣಿಗೆ ಮುಚ್ಚುಗನ್ನಡಕ, ಕೈಗೆ ರಬ್ಬರ್ ಗವಸು, ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು ಇರಲಿ. ಮಕ್ಕಳು, ದನಕರು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ಕಣ್ಣಿಗೆ ಸಿಡಿದರೆ ಕಾಲು ಗಂಟೆಯಾದರೂ ನೀರು ಹಾಯಿಸಿ ನೇರ ಆಸ್ಪತ್ರೆಗೆ ಹೋಗಬೇಕು, ಮನೆಮದ್ದು ಬೇಡ.

ಒಂದು ಹಗಲು, ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಗೋಣಿತಾಟಿನಲ್ಲಿ ಸೋಸಿ. ಅಂಟಿಗೆ ಹಿಂದಿನವರು ಗಂಜಿಯನ್ನೋ ಮರದ ಅಂಟನ್ನೋ ಸೇರಿಸುತ್ತಿದ್ದರು. ಈಗ ಬಡಗಿಗಳು ಬಳಸುವ ಬಿಳಿ ಅಂಟು ಸುಲಭವಾಗಿ ಸಿಗುತ್ತದೆ. ಕಿಲೋ ಸುಣ್ಣಕ್ಕೆ 50ರಿಂದ 100 ಗ್ರಾಂ, ನೀರಿನಲ್ಲಿ ಕದಡಿ ಸೇರಿಸಿ. ಮದುವೆಮನೆಯ ಗೋಡೆಗೆ ಹಾಕುವ ನೀಲಿ ಮಾತ್ರ ಬೇಡ. ಅದು ಕಣ್ಣಿಗೆ ಬಿಳುಪು ಹೆಚ್ಚಿದಂತೆ ತೋರಿಸುತ್ತದೆಯೇ ಹೊರತು ಬಿಸಿಲನ್ನು ಹಿಂದಕ್ಕೆ ಕಳಿಸುವುದಿಲ್ಲ.

ಪೂರ್ತಿ ಬಳಿಯುವ ಮುನ್ನ ಮೂಲೆಯಲ್ಲಿ ಚಾಪೆಯಗಲ ಜಾಗಕ್ಕೆ ಬಳಿದು ನೋಡಿ. ಮರುದಿನ ಅಂಗೈಯಿಂದ ಉಜ್ಜಿದಾಗ ಕೈ ತುಂಬ ಪುಡಿ ಬಂದರೆ ಅಂಟು ಸಾಲದು. ತುಸು ಮಾತ್ರ ಮೆತ್ತಿದರೆ ಸರಿ.

ಬಳಿಯುವ ಹೊತ್ತು

ಬಿಸಿಲೇರಿದ ಮೇಲೆ ಬಳಿದ ಸುಣ್ಣ ಹಿಡಿಯುವ ಮೊದಲೇ ಒಣಗಿ ಹೊಪ್ಪಳಿಕೆಯಾಗಿ ಏಳುತ್ತದೆ. ಸಂಜೆ 5ರ ನಂತರ ಅಥವಾ ಬೆಳಗಿನ 8ರ ಒಳಗೆ ಬಳಿಯಿರಿ. ಹೊಸ ಬಿಳಿ ಮಾಳಿಗೆಯ ಮೇಲೆ ನಡುಹಗಲಿನಲ್ಲಿ ನಿಂತರೆ ಕಣ್ಣೂ ಕತ್ತಲಿಡುತ್ತದೆ. ಮೊದಲು ನೀರು ಚಿಮುಕಿಸಿ ಮೇಲ್ಮೈಯನ್ನು ತೇವ ಮಾಡಿ, ಮೆಟ್ಟಿಲಿಂದ ದೂರದ ಮೂಲೆಯಲ್ಲಿ ಆರಂಭಿಸಿ ಮೆಟ್ಟಿಲಿನ ಕಡೆ ಹಿಂದಡಿ ಇಡುತ್ತ ಬನ್ನಿ. ನಗಬೇಡಿ, ಎದುರು ದಿಕ್ಕಿನಲ್ಲಿ ಬಳಿದು ಮೂಲೆಯಲ್ಲಿ ಸಿಕ್ಕಿಕೊಂಡವರನ್ನು ಕಂಡಿದ್ದೇನೆ. ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ಪ್ರತಿ ಕೈಯೂ ತೆಳುವಾಗಿರಲಿ, ನಡುವೆ ಒಂದು ದಿನ ಬಿಡುವಿರಲಿ. ಕೊನೆಯ ಕೈ ಆದ ಮೇಲೆ ಎರಡು ಮೂರು ದಿನ ಬೆಳಿಗ್ಗೆ ಸಂಜೆ ಹಗುರಾಗಿ ನೀರು ಚಿಮುಕಿಸಿದರೆ ಸುಣ್ಣ ಗಟ್ಟಿಯಾಗುತ್ತದೆ.

ತಗಡಿನ ಮನೆಗೆ ಈ ಲೆಕ್ಕ ಬೇರೆ. ತಗಡಿಗೆ ಸುಣ್ಣ ಕಚ್ಚುವುದಿಲ್ಲ; ಪ್ರೈಮರ್ ಬಳಿದು, ಅದರ ಮೇಲೆ ಬಿಸಿಲು ಹಿಂತಿರುಗಿಸುವ ಬಿಳಿ ಬಣ್ಣವನ್ನೇ ಹಚ್ಚಬೇಕು. ಹೊಳೆಯುವ ಹೊಸ ತಗಡು ಹೇಗೂ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದಲ್ಲ ಎನ್ನಬಹುದು. ತಳ್ಳುತ್ತದೆ, ಆದರೆ ಹೀರಿದ ಕಾವನ್ನು ಹೊರಸೂಸುವುದರಲ್ಲಿ ಅದು ಬಲು ಜಿಪುಣ. ಬಿಳಿ ಬಣ್ಣ ಎರಡೂ ಕೆಲಸ ಮಾಡುತ್ತದೆ. ದುಡ್ಡಿಲ್ಲದಿದ್ದರೆ ನೆರಳೇ ಗತಿ: ತಗಡಿನಿಂದ ಗೇಣು ಮೇಲೆ ಗಾಳಿಯಾಡುವಂತೆ ಹಂದರ ಹಾಕಿ ಅದರ ಮೇಲೆ ಹೀರೆ, ಅವರೆ ಬಳ್ಳಿ ಹಬ್ಬಿಸಬಹುದು. ಕಲಬುರಗಿಯಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ. ಆದರೆ ಒಣಗಿದ ತೊಗರಿ ಕಟ್ಟಿಗೆಗೆ ಒಂದು ಕಿಡಿ ಸಾಕು, ಒಲೆಯ ಹೊಗೆ ಹೋಗುವ ಕಡೆ ಅದನ್ನು ಹೊದಿಸಬೇಡಿ.

ಮಾಳಿಗೆ ಬಿಳಿಯಾದರೂ ಕಿಟಕಿ ಹಗಲೆಲ್ಲ ತೆರೆದಿದ್ದರೆ ಬಿಸಿಗಾಳಿ ಒಳಗೆ ಬರುತ್ತದೆ. ಬೆಳಿಗ್ಗೆ 9ಕ್ಕೆ ಮುಚ್ಚಿ, ಹೊತ್ತು ಮುಳುಗಿದ ಮೇಲೆ ಎದುರುಬದುರಿನ ಕಿಟಕಿ, ಗವಾಕ್ಷಿಗಳನ್ನೆಲ್ಲ ತೆರೆಯಿರಿ. ಒದ್ದೆ ಪರದೆ, ಲಾವಂಚದ ತಟ್ಟಿ ನಮ್ಮ ಒಣಹವೆಗೆ ಹೇಳಿಸಿದ್ದು. ಮಂಗಳೂರು, ಕಾರವಾರದವರಿಗೆ ಅವು ನಡೆಯುವುದಿಲ್ಲ. ಅಲ್ಲಿನ ಗಾಳಿಗೆ ಮೊದಲೇ ನೀರು ಹೆಚ್ಚು, ಬೆವರೇ ಆರದು. ಬಿಸಿಲಿನಿಂದ ಬಂದವರಿಗೆ ಮೈ ಸುಡುತ್ತಿದ್ದು ಮಾತು ತೊದಲಿದರೆ ಅದು ಬರಿಯ ಸುಸ್ತಲ್ಲ. ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಬಾಡಿಗೆಯವರು, ಅಂಗನವಾಡಿ, ಸರ್ಕಾರ

ಇಷ್ಟೆಲ್ಲ ಸ್ವಂತ ಮಾಳಿಗೆ ಇದ್ದವರ ಮಾತಾಯಿತು. ಹೆಚ್ಚು ಬೇಯುವವರು ತಗಡಿನ ಶೆಡ್ಡಿನ ಬಾಡಿಗೆದಾರರು. ಅವರಿಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕು. ಇಲ್ಲಿ ಸರ್ಕಾರವೇ ಕೈಹಾಕಬೇಕು. ಹಾಗೆ ಕೈಹಾಕಿದ ಉದಾಹರಣೆಗಳಿವೆ. 2010ರ ಮೇ ತಿಂಗಳಲ್ಲಿ ಅಹಮದಾಬಾದ್ ಬಿಸಿಗಾಳಿಗೆ ಸಿಕ್ಕಾಗ ಎಂದಿನ ಮೇ ತಿಂಗಳಿಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಆಮೇಲೆ ಲೆಕ್ಕ ಸಿಕ್ಕಿತು. ಅದರ ಪಾಠದಿಂದ 2013ರಲ್ಲಿ ಆ ನಗರ ಬಿಸಿಗಾಳಿಗೆಂದೇ ಕ್ರಿಯಾ ಯೋಜನೆ ತಂದಿತು, 2017ರಿಂದ ಬಡವರ ಮನೆಗಳ ಮೇಲೆ ಸುಣ್ಣ ಬಳಿಸತೊಡಗಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ಜಾರಿಗೆ ತಂದಿದೆ: ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ, 600 ಚದರ ಗಜ ಮತ್ತು ಅದಕ್ಕೂ ದೊಡ್ಡ ನಿವೇಶನದ ಮನೆಗಳಿಗೆ ಅದು ಕಡ್ಡಾಯ. ತಾಂಡೂರಿನ ಬಿಸಿಲಿಗೂ ಸೇಡಂನ ಬಿಸಿಲಿಗೂ ನಡುವೆ ಇರುವುದು ರಾಜ್ಯದ ಗಡಿಯೊಂದೇ.

ಇನ್ನೊಂದು ವಿಚಿತ್ರವನ್ನು ಹೇಳದೆ ಇರಲಾರೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರದ ವಿಪತ್ತು ಪರಿಹಾರ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ. ಪಟ್ಟಿ ಮಾಡಿದವರು ಮೇ ತಿಂಗಳಲ್ಲಿ ರಾಯಚೂರಿಗೆ ಬಂದಿರಲಿಕ್ಕಿಲ್ಲ.

ಮೇಲಿನವರನ್ನು ಕಾಯುತ್ತ ಕೂರಬೇಕಿಲ್ಲ. ಗ್ರಾಮಸಭೆಯಲ್ಲಿ ವರ್ಷದ ಕ್ರಿಯಾ ಯೋಜನೆಯ ಮಾತು ಬಂದಾಗ ಅಂಗನವಾಡಿ ಮತ್ತು ಶಾಲೆಯ ಮಾಳಿಗೆಗೆ ಸುಣ್ಣ ಎಂದು ಒಂದು ಸಾಲು ಸೇರಿಸಲು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೇಳುವ ಮುಂಚೆ ಆ ಕೋಣೆಯಲ್ಲೂ ಉಷ್ಣಮಾಪಕ ತೂಗುಹಾಕಿ ಒಂದು ವಾರದ ಅಂಕಿ ಬರೆದುಕೊಂಡು ಹೋದರೆ, ‘ನೋಡೋಣ’ ಎಂದು ಕಳಿಸುವುದು ಅವರಿಗೆ ಕಷ್ಟವಾಗುತ್ತದೆ.

ಸುಣ್ಣದ ಆಯಸ್ಸು ಒಂದು, ಹೆಚ್ಚೆಂದರೆ ಎರಡು ಬೇಸಿಗೆ. ಧೂಳು ಕೂತಂತೆ ಬಿಳುಪು ಮಾಸುತ್ತದೆ. ಯುಗಾದಿ ಕಳೆದ ಮೇಲೆ ಒಮ್ಮೆ ಮೆತ್ತನೆಯ ಪೊರಕೆಯಿಂದ ಗುಡಿಸಿ. ಮಾಳಿಗೆಯ ಮಳೆನೀರು ಹಿಡಿಯುವವರು ಮೊದಲ ಒಂದೆರಡು ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಿಬಿಡಿ, ಸುಣ್ಣ ಬೆರೆತಿರುತ್ತದೆ. ಅಂಟು ಸೇರಿಸದೆ ಉಳಿಸಿಕೊಂಡ ಅರಳಿದ ಸುಣ್ಣವನ್ನು ಚೆಲ್ಲಬೇಡಿ. ಅದರ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮಾಡಿ, ಮುಚ್ಚಳ ಬಿಗಿದು ನೆರಳಲ್ಲಿಟ್ಟರೆ ಕೆಡುವುದಿಲ್ಲ, ಹಳತಾದಷ್ಟೂ ನುಣುಪಾಗುತ್ತದೆ. ದೀಪಾವಳಿಗೆ ಗೋಡೆಗೆ ಒಂದಷ್ಟು ಹೋದರೂ ಮುಂದಿನ ಶಿವರಾತ್ರಿಗೆ ಒಂದು ಕೈಗಾಗುವಷ್ಟು ಉಳಿದಿರುತ್ತದೆ.