ಮಳೆಗಾಲ ಕಳೆದ ಮೇಲಿನ ಲೆಕ್ಕ: ಮಲೆನಾಡಿನ ಬಿದಿರು ಮನೆಗಳ ಪರಿಣಾಮವನ್ನು ಅಳೆದ ಅನುಭವ

ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕೂಲಿ ಕುಟುಂಬಗಳಿಗೆ ಬಿದಿರಿನ ಮನೆ ಕಟ್ಟಿಕೊಡುವ ಸಣ್ಣ ತಂಡವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಕಟ್ಟುವ ಕೆಲಸ ಬಲ್ಲವರು ತಂಡದಲ್ಲಿ ಬೇರೆ ಇದ್ದಾರೆ. ಕಟ್ಟಿದ ಮೇಲೆ ಆ ಮನೆಯಿಂದ ಅಲ್ಲಿರುವವರಿಗೆ ನಿಜವಾಗಿ ಏನು ಬದಲಾಯಿತು ಎಂಬುದನ್ನು ಅಳೆದು ಹೇಳುವ ಹೊಣೆ ನನ್ನದು. ಹಣ ಕೊಟ್ಟವರು ಸಾಮಾನ್ಯವಾಗಿ ಎಷ್ಟು ಮನೆಗಳಾದವು ಎಂದು ಕೇಳುತ್ತಾರೆ, ಬೀಗದ ಕೈ ಕೊಡುವ ದಿನದ ಫೋಟೋ ಕೇಳುತ್ತಾರೆ. ಇವೆರಡರಿಂದಲೂ ಮನೆಯ ಪರಿಣಾಮ ತಿಳಿಯುವುದಿಲ್ಲ. ಮಲೆನಾಡಿನಲ್ಲಿ ಒಂದು ಮನೆ ಹೇಗಿದೆ ಎಂದು ಹೇಳಲು ಅದು ಕನಿಷ್ಠ ಎರಡು ಮಳೆಗಾಲವನ್ನಾದರೂ ಕಂಡಿರಬೇಕು ಎಂಬುದು ನನ್ನ ನಿಲುವು, ಮತ್ತು ನಮ್ಮ ಅಳತೆಯ ಕ್ರಮವೆಲ್ಲ ಈ ಒಂದು ನಿಲುವಿನಿಂದಲೇ ಹುಟ್ಟಿದೆ.

ಮನೆಯ ಸ್ವರೂಪವನ್ನು ಮೊದಲು ಹೇಳಬೇಕು. ಜಂಬಿಟ್ಟಿಗೆಯ ಎತ್ತರದ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ, ಅದರ ಮೇಲೆ ಹೆಬ್ಬಿದಿರಿನ ಕಂಬಗಳು, ಕಂಬಗಳ ನಡುವೆ ದಬ್ಬೆ ಹೆಣೆದ ತಟ್ಟಿ, ತಟ್ಟಿಯ ಎರಡೂ ಬದಿಗೆ ಗಾರೆ, ಮೇಲೆ ಬಿದಿರಿನದೇ ಚೌಕಟ್ಟು ಮತ್ತು ಹಂಚು. ಮಳೆಗಾಲ ಮುಗಿದ ಮೇಲೆ ಮೂರು ನಾಲ್ಕು ವರ್ಷ ಬಲಿತ ಗಳಗಳನ್ನು ಮಾತ್ರ ಕಡಿದು, ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ ಬಳಸುತ್ತೇವೆ. ಹದ ಮಾಡದ ಬಿದಿರು ಮಣ್ಣಿಗೆ ತಾಗಿದ್ದರೆ ಎರಡು ಮೂರು ವರ್ಷಕ್ಕೇ ಕೊಳೆತುಹೋಗುತ್ತದೆ. ನಮ್ಮ ಕುಟುಂಬಗಳು ಮೊದಲು ಇದ್ದ ಸೋಗೆ ಮಾಡಿನ, ಟಾರ್ಪಾಲು ಹೊದಿಸಿದ ಗುಡಿಸಲುಗಳೂ ಬಹುಪಾಲು ಬಿದಿರಿನವೇ ಆಗಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಹಳೆಯದೂ ಬಿದಿರು, ಹೊಸದೂ ಬಿದಿರು. ವ್ಯತ್ಯಾಸವಿರುವುದು ಹದದಲ್ಲಿ, ಪಂಚಾಂಗದಲ್ಲಿ ಮತ್ತು ಸೂರಿನ ಚಾಚಿನಲ್ಲಿ.

ಈ ವ್ಯತ್ಯಾಸ ಸರ್ಕಾರಿ ಪಟ್ಟಿಗಳಲ್ಲಿ ಕಾಣುವುದಿಲ್ಲ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಗೋಡೆ ಯಾವುದರದ್ದು ಎಂಬ ಪ್ರಶ್ನೆಗೆ ಹುಲ್ಲು, ಸೋಗೆ, ಬಿದಿರು ಇವೆಲ್ಲಕ್ಕೂ ಸೇರಿ ಒಂದೇ ಉತ್ತರ. ಗುಡಿಸಲಿನಿಂದ ಹೊಸ ಮನೆಗೆ ಬಂದ ಕುಟುಂಬ ಆ ಪಟ್ಟಿಯಲ್ಲಿ ಇದ್ದ ಜಾಗದಲ್ಲೇ ಉಳಿಯುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು ಕನಿಷ್ಠ 25 ಚದರ ಮೀಟರ್ ವಿಸ್ತೀರ್ಣವನ್ನು, ಅಡುಗೆಯ ಜಾಗವನ್ನೂ ಸೇರಿಸಿ, ನಿಗದಿಪಡಿಸಿದೆ, ಮತ್ತು ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವನ್ನು ಗೊತ್ತು ಮಾಡಿದೆ. ವಿಸ್ತೀರ್ಣಕ್ಕೂ ವೆಚ್ಚಕ್ಕೂ ಈ ಅಂಕಿಗಳನ್ನು ನಾವು ಹೋಲಿಕೆಯ ಮಟ್ಟವಾಗಿ ಇಟ್ಟುಕೊಂಡೆವು. ಉಳಿದದ್ದಕ್ಕೆ, ಕಚ್ಚಾ ಮನೆ, ಪಕ್ಕಾ ಮನೆ ಎಂಬ ಸರ್ಕಾರಿ ವಿಂಗಡಣೆಯನ್ನು ಬದಿಗಿಟ್ಟು, ನಮ್ಮದೇ ಅಳತೆಗೋಲು ಮಾಡಿಕೊಳ್ಳುವುದು ಅನಿವಾರ್ಯವಾಯಿತು.

ಏನನ್ನು ಅಳೆಯುವುದಿಲ್ಲ ಎಂಬುದನ್ನು ಮೊದಲು ತೀರ್ಮಾನಿಸಿದೆವು. ಮನೆ ಸಿಕ್ಕರೆ ಆದಾಯ ಹೆಚ್ಚುತ್ತದೆ ಎಂದು ಬರೆಯುವ ಆಸೆ ಇಂಥ ಕೆಲಸ ಮಾಡುವ ಎಲ್ಲರಿಗೂ ಇರುತ್ತದೆ. ಲ್ಯಾಟಿನ್ ಅಮೆರಿಕದ ಟೆಚೊ ಸಂಸ್ಥೆ ಎಲ್ ಸಾಲ್ವಡಾರ್, ಮೆಕ್ಸಿಕೊ ಮತ್ತು ಉರುಗ್ವೆಗಳಲ್ಲಿ ಬಡವರಿಗೆ ಕಟ್ಟಿಕೊಟ್ಟ ಸರಳ ಮನೆಗಳನ್ನು ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿದ ಕ್ರಮದಲ್ಲಿ ಹೋಲಿಸಿ ನೋಡಿದಾಗ, ಬದುಕಿನ ಬಗೆಗಿನ ಸಮಾಧಾನ ಸ್ಪಷ್ಟವಾಗಿ ಹೆಚ್ಚಿದ್ದು ಕಂಡಿತು. ದುಡಿಮೆಯಲ್ಲಾಗಲಿ, ಮನೆಯೊಳಗಿನ ಬೆಲೆಬಾಳುವ ವಸ್ತುಗಳಲ್ಲಾಗಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಮೆಕ್ಸಿಕೊದಲ್ಲೇ ಮಣ್ಣಿನ ನೆಲಕ್ಕೆ ಸಿಮೆಂಟು ಹಾಕಿಸಿದ ಸರ್ಕಾರಿ ಕಾರ್ಯಕ್ರಮದ ಅಧ್ಯಯನವು ಮಕ್ಕಳ ಹೊಟ್ಟೆಹುಳ, ರಕ್ತಹೀನತೆಗಳು ಕಡಿಮೆಯಾದದ್ದನ್ನು ತೋರಿಸಿತ್ತು. ಇವೆರಡನ್ನೂ ಓದಿದ ಮೇಲೆ ಆದಾಯದ ಪ್ರಶ್ನೆಯನ್ನು ನಮೂನೆಯಿಂದ ತೆಗೆದೆ. ನೆಲ, ಗೋಡೆ ಮತ್ತು ಮಾಡು ಯಾವುದನ್ನು ನೇರವಾಗಿ ಮುಟ್ಟಬಲ್ಲವೋ ಅದನ್ನು ಮಾತ್ರ ಕೇಳುವುದೆಂದು ನಿರ್ಧರಿಸಿದೆವು: ರಿಪೇರಿಗೆ ಹೋದ ಹಣ ಮತ್ತು ದಿನಗಳು, ಹಾಸಿಗೆ ಬಟ್ಟೆಗಳ ಒಣಗು, ಕಾಯಿಲೆ ಬಿದ್ದ ದಿನಗಳು, ಹೊಗೆ, ಮತ್ತು ಬಿದಿರಿನದೇ ಆರೋಗ್ಯ.

ಹೋಲಿಕೆಗೆ ಯಾರನ್ನು ತೆಗೆದುಕೊಳ್ಳಬೇಕೆಂಬುದು ಇದಕ್ಕಿಂತ ಕಷ್ಟದ ವಿಷಯ. ಜಾಗದ ಹಕ್ಕುಪತ್ರವಿಲ್ಲದೆ ನಾವು ಮನೆ ಕಟ್ಟುವಂತಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸುವ, ಭೂಕಂದಾಯ ಕಾಯ್ದೆಯ 94ಸಿ ಕಲಮಿನ ಅಡಿಯಲ್ಲಿ ಅರ್ಜಿ ಹಾಕಿ, ಓಡಾಡಿ, ಹಕ್ಕುಪತ್ರ ಪಡೆದ ಕುಟುಂಬಕ್ಕೂ ಅದಿಲ್ಲದ ಕುಟುಂಬಕ್ಕೂ ಮನೆಯೊಂದೇ ವ್ಯತ್ಯಾಸವಲ್ಲ. ಓದಿದ ಮಗನೋ, ಪರಿಚಯದ ಪಂಚಾಯಿತಿ ಸದಸ್ಯರೋ, ತಾಲ್ಲೂಕು ಕಚೇರಿಗೆ ಅಲೆಯುವಾಗ ಕೂಲಿ ಬಿಡಬಲ್ಲ ಶಕ್ತಿಯೋ ಮೊದಲಿನವರಿಗೆ ಇದ್ದೇ ಇರುತ್ತದೆ. ಇವರನ್ನೂ ಅವರನ್ನೂ ಹೋಲಿಸಿದರೆ ಮನೆಯ ಹೆಸರಿನಲ್ಲಿ ಹಕ್ಕುಪತ್ರದ ಪರಿಣಾಮವನ್ನು ಅಳೆದಂತಾಗುತ್ತದೆ. ಇದಕ್ಕೆ ದಾರಿ ತೋರಿಸಿದ್ದು ಬಿದಿರೇ. ಮಳೆಗಾಲದಲ್ಲಿ ಬಿದಿರು ಕಡಿಯುವುದಿಲ್ಲ. ಆಗ ಮೆಳೆಯಲ್ಲಿ ಕಳಲೆ ಏಳುತ್ತಿರುತ್ತದೆ, ಗಳದಲ್ಲಿ ನೀರೂ ಹೆಚ್ಚಿರುತ್ತದೆ. ದೀಪಾವಳಿಯ ನಂತರ ಕಡಿದು, ಹದ ಮಾಡಿ, ಮುಂದಿನ ಮಳೆ ಹಿಡಿಯುವುದರೊಳಗೆ ಮುಗಿಸಬಹುದಾದ ಮನೆಗಳು ಕೆಲವೇ. ಆದ್ದರಿಂದ ಹಕ್ಕುಪತ್ರವಿರುವ, ಅರ್ಹರಾದ ಕುಟುಂಬಗಳಲ್ಲೇ ಅರ್ಧದಷ್ಟು ಜನ ಮುಂದಿನ ವರ್ಷಕ್ಕೆ ಕಾಯಬೇಕಾಗುತ್ತದೆ. ಯಾರು ಮೊದಲು ಎಂಬುದನ್ನು ಎಲ್ಲರೆದುರು ಚೀಟಿ ಎತ್ತಿ ಗೊತ್ತು ಮಾಡಿದೆವು. ಶಿಫಾರಸಿನ ಮಾತಿಗೆ ಅದರಿಂದ ಎಡೆಯಿಲ್ಲದಂತಾಯಿತು, ನಮಗೆ ನ್ಯಾಯವಾದ ಹೋಲಿಕೆಯ ಗುಂಪೂ ಸಿಕ್ಕಿತು. ಕಾಯುವವರನ್ನೂ ಮನೆ ಪಡೆದವರಷ್ಟೇ ಶ್ರದ್ಧೆಯಿಂದ ಮಾತಾಡಿಸಬೇಕು, ಮತ್ತು ಅವರ ಸರದಿಯನ್ನು ಯಾವ ಕಾರಣಕ್ಕೂ ಮುಂದೂಡಬಾರದು ಎಂಬ ಷರತ್ತನ್ನು ನಮಗೆ ನಾವೇ ಹಾಕಿಕೊಂಡೆವು. ಸೋರುವ ಮನೆಯಲ್ಲಿ ಕುಳಿತವರ ಹತ್ತಿರ ಪ್ರಶ್ನೆ ಕೇಳಿ ಎದ್ದು ಬರುವುದು ಸುಲಭದ ಕೆಲಸವಲ್ಲ.

ನೆನಪಿನ ವಿಚಾರಕ್ಕೆ ಬಂದರೆ, 'ಕಳೆದ ಎರಡು ವಾರಗಳಲ್ಲಿ' ಎಂದು ಆರಂಭವಾಗುವ ಪ್ರಶ್ನೆಗಳು ಸಮೀಕ್ಷೆಗಳಲ್ಲಿ ಸಾಮಾನ್ಯ. ನಮ್ಮ ಕಡೆಯ ಕೂಲಿಯವರು ಮಳೆಗಾಲವನ್ನು ವಾರದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವುದಿಲ್ಲ, ಮಳೆ ನಕ್ಷತ್ರದ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಸೂರ್ಯ ಒಂದು ನಕ್ಷತ್ರದಲ್ಲಿರುವ ಅವಧಿ ಹದಿಮೂರು ಹದಿನಾಲ್ಕು ದಿನ; ಜೂನ್ ಮೂರನೆಯ ವಾರದ ಹೊತ್ತಿಗೆ ಆರಿದ್ರಾ ಹಿಡಿದರೆ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಎಂದು ಆಗಸ್ಟ್ ಕೊನೆಯವರೆಗೆ ಹೋಗುತ್ತದೆ. ಸಮೀಕ್ಷೆಯ ಶಾಸ್ತ್ರ ಕೇಳುವ ಎರಡು ವಾರ ಇಲ್ಲಿ ಮೊದಲೇ ಸಿದ್ಧವಾಗಿತ್ತು! 'ಪುನರ್ವಸು ಮಳೆಯಲ್ಲಿ ರಾತ್ರಿ ಹಾಸಿಗೆ ಎತ್ತಿ ಜಾಗ ಬದಲಿಸಬೇಕಾಯಿತೆ?', 'ಆಶ್ಲೇಷಾದಲ್ಲಿ ಯಾರಾದರೂ ಕೂಲಿಗೆ ಹೋಗದೆ ಮಲಗಿದ್ದುಂಟೆ?' ಎಂದು ಕೇಳಿದಾಗ ಉತ್ತರಗಳು ತಡವರಿಸದೆ ಬಂದವು. ಪ್ರತಿ ಮಳೆ ನಕ್ಷತ್ರ ಮುಗಿದ ಮೇಲೆ, ಅದೇ ಊರಿನ ಸ್ವಸಹಾಯ ಸಂಘದ ಮಹಿಳೆಯರು ಮನೆಗಳಿಗೆ ಹೋಗಿ ಒಂದು ಪುಟದ ನಮೂನೆ ತುಂಬಿದರು. ನಮ್ಮ ತಂಡದವರು ಹೋದರೆ ಎಲ್ಲವೂ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಮನೆ ಕಟ್ಟಿಕೊಟ್ಟವರ ಮುಖ ನೋಡಿ ದೂರು ಹೇಳುವುದು ಮಲೆನಾಡಿನ ಸಂಕೋಚಕ್ಕೆ ಒಗ್ಗುವುದಿಲ್ಲ. ಗೃಹಪ್ರವೇಶದ ತಿಂಗಳಲ್ಲಿ ಅಭಿಪ್ರಾಯ ಕೇಳಿದ ನನಗೆ ಒಬ್ಬ ಅಜ್ಜಿ, 'ಈಗೆಲ್ಲ ಚೆನ್ನಾಗಿದೆ ಮಾರಾಯ್ರೆ, ಮಳೆಗಾಲ ಕಳೀಲಿ, ಆಮೇಲೆ ಬನ್ನಿ' ಎಂದಿದ್ದರು. ಅವರು ಹೇಳಿದ್ದು ವಿಧಾನದ ದೃಷ್ಟಿಯಿಂದಲೂ ಸರಿಯಾಗಿತ್ತು.

ರಿಪೇರಿಯ ಲೆಕ್ಕವೇ ಎಲ್ಲಕ್ಕಿಂತ ಹೆಚ್ಚು ಹೇಳಿತು. ಹಳೆಯ ಗುಡಿಸಲಿನಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಸೋಗೆ ಬದಲಿಸುವುದು, ಹೊಸ ಟಾರ್ಪಾಲು ತರುವುದು, ಪಡುವಣ ಗೋಡೆಗೆ ಇರಚಲು ತಡೆಯುವ ತಟ್ಟಿ ಕಟ್ಟುವುದು, ಬುಡ ಕೊಳೆತ ಗೂಟಗಳನ್ನು ಕಿತ್ತು ಬೇರೆ ಹುಗಿಯುವುದು ನಡೆಯುತ್ತಿತ್ತು. ಟಾರ್ಪಾಲಿನ ಬೆಲೆ ಎಲ್ಲರಿಗೂ ನೆನಪಿರುತ್ತದೆ. ಅದಕ್ಕಾಗಿ ಬಿಟ್ಟ ಕೂಲಿಯನ್ನು ಮಾತ್ರ ಯಾರೂ ಖರ್ಚೆಂದು ಹೇಳುವುದಿಲ್ಲ. ಮಳೆ ಹತ್ತಿರವಾದಾಗ ತೋಟಗಳಲ್ಲಿ ಕೆಲಸ ಒತ್ತಾಗಿರುತ್ತದೆ, ಕರೆಯುವವರು ಹೆಚ್ಚಿರುತ್ತಾರೆ. ಅದೇ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸ್ವಂತ ಮಾಡಿನ ಮೇಲೆ ಇರಬೇಕಾಗುತ್ತಿತ್ತು. ಆ ದಿನಗಳನ್ನು ಆಯಾ ಊರಿನ ಕೂಲಿ ದರದಲ್ಲಿ ಲೆಕ್ಕ ಹಾಕಿ ಸೇರಿಸಿದಾಗ ಬಡವರ ಮನೆ ಅಗ್ಗದ್ದೆಂಬ ಮಾತು ನಿಲ್ಲಲಿಲ್ಲ. ಹೊಸ ಮನೆಯ ಖರ್ಚನ್ನೂ ಇದೇ ನಿಷ್ಠುರತೆಯಿಂದ ಬರೆದೆವು: ಒಡೆದ ಹಂಚು, ಬಿರುಕು ಬಿಟ್ಟ ಗಾರೆ, ತೆರೆದಿರುವ ಬಿದಿರಿಗೆ ಮತ್ತೆ ಹಚ್ಚಬೇಕಾದ ಎಣ್ಣೆ. ಎರಡು ಮಳೆಗಾಲ ಕಳೆದ ಮೇಲೂ ಅಂತರ ದೊಡ್ಡದಾಗಿಯೇ ಉಳಿಯಿತು. ನಮ್ಮ ವರದಿಯಲ್ಲಿ ಅನುಮಾನವಿಲ್ಲದೆ ಬರೆದ ಫಲ ಇದೊಂದು.

ಬಿದಿರಿನ ಆರೋಗ್ಯವನ್ನು ನೋಡಲು ಎರಡು ಮೊಳೆಗಳನ್ನು ಚುಚ್ಚಿ ತೇವಾಂಶ ತೋರಿಸುವ ಮೀಟರ್ ಬಳಸಿದೆವು. ಈ ಮೀಟರುಗಳನ್ನು ಮರಕ್ಕೆಂದು ಹೊಂದಿಸಿರುತ್ತಾರೆ, ಆದ್ದರಿಂದ ಅದು ತೋರಿಸುವ ಅಂಕಿಯನ್ನು ಬಿದಿರಿಗೆ ಹಾಗೆಯೇ ನಂಬುವಂತಿಲ್ಲ. ಅದೇ ಬಿದಿರಿನ ತುಂಡುಗಳನ್ನು ತೂಗಿ, ಓವನ್‌ನಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಗಿ ಹೊಂದಿಕೆ ನೋಡಿಕೊಂಡ ಮೇಲೆಯೇ ಅಳತೆ ಶುರು ಮಾಡಿದೆವು. ಪ್ರತಿ ಮನೆಯಲ್ಲೂ ಗುರುತು ಹಾಕಿದ ಅದೇ ಕಂಬಗಳ ಅದೇ ಜಾಗಗಳಲ್ಲಿ, ಅಂದರೆ ಪಂಚಾಂಗಕ್ಕೆ ಕೂರುವ ಬುಡದಲ್ಲಿ ಮತ್ತು ಸೂರಿನ ಕೆಳಗೆ, ಅಳೆಯಬೇಕು. ಶೇಕಡಾ 20ಕ್ಕಿಂತ ಹೆಚ್ಚಿನ ತೇವ ಬಹಳ ದಿನ ನಿಂತರೆ ಶಿಲೀಂಧ್ರ ಹಿಡಿಯುತ್ತದೆ. ಹದಕ್ಕೆ ಬಳಸಿದ ಬೋರಾನ್ ಲವಣಗಳು ನೀರಿನಲ್ಲಿ ಕರಗುವಂಥವು, ಹಾಗಾಗಿ ಇರಚಲು ಬಡಿಯುವ ಕಂಬದಿಂದ ಅವು ಮೆಲ್ಲಗೆ ತೊಳೆದುಹೋಗುತ್ತವೆ ಕೂಡ. ನೈರುತ್ಯ ಮಾರುತಕ್ಕೆ ಎದುರಾಗಿರುವ ಪಡುವಣ ಗೋಡೆಯ ಅಂಕಿಗಳು ಮೂಡಣದವಕ್ಕಿಂತ ಎಲ್ಲೆಡೆ ಹೆಚ್ಚಿದ್ದವು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸುತ್ತಿಗೂ ಶಿವಮೊಗ್ಗ ನಗರದ ಆಸುಪಾಸಿಗೂ ಒಂದೇ ಅಳತೆಯ ಸೂರು ಸಾಕೆಂದು ಹೇಳುವುದು ಅಸಾಧ್ಯವೆಂಬುದಕ್ಕೆ ಈ ಅಂಕಿಗಳು ಆಧಾರವಾದವು. ಬಿದಿರು ಕೊರೆಯುವ ಕುಟ್ಟೆ ಹುಳ ಹಿಡಿದದ್ದನ್ನು ಪತ್ತೆ ಮಾಡಲು ಮಾತ್ರ ಯಾವ ಉಪಕರಣವೂ ಬೇಕಾಗಲಿಲ್ಲ. ಕಂಬದ ಬುಡದಲ್ಲಿ ಹಿಟ್ಟಿನಂಥ ಪುಡಿ ಬಿದ್ದದ್ದು ದಿನಾ ಕಸ ಗುಡಿಸುವವರಿಗೆ ಮೊದಲು ಗೊತ್ತಾಗುತ್ತದೆ. ನಮೂನೆಯಲ್ಲಿ ಆ ಪ್ರಶ್ನೆಯನ್ನು ಮನೆಯ ಯಜಮಾನನಿಗೆ ಕೇಳದೆ ಗುಡಿಸುವವರಿಗೇ ಕೇಳಬೇಕೆಂದು ಬರೆದೆವು.

ಹೊಗೆಯ ವಿಷಯದಲ್ಲಿ ಫಲ ನಮಗೆ ಅನುಕೂಲವಾಗಿರಲಿಲ್ಲ. ಹಳೆಯ ತಟ್ಟಿ ಗೋಡೆಯ ಸಂದುಗಳಿಂದ ಚಳಿ ಒಳಗೆ ಬರುವಂತೆ ಹೊಗೆಯೂ ಹೊರಗೆ ಹೋಗುತ್ತಿತ್ತು. ಗಾರೆ ಮಾಡಿದ ಗೋಡೆ ಎರಡನ್ನೂ ತಡೆಯಿತು. ಗ್ಯಾಸ್ ಸಂಪರ್ಕವಿದ್ದರೂ ಮಳೆಗಾಲದಲ್ಲಿ ಬಿಸಿನೀರಿಗೂ ಬಟ್ಟೆ ಒಣಗಿಸಲೂ ಸೌದೆ ಒಲೆ ಉರಿಯಲೇಬೇಕು, ಆಗ ಕಣ್ಣುರಿಯ ದೂರು ಹೊಸ ಮನೆಗಳಲ್ಲಿ ಹೆಚ್ಚು ಬಂದದ್ದನ್ನು ಇದ್ದಂತೆ ಬರೆದೆವು. ನಂತರದ ಮನೆಗಳಲ್ಲಿ ಗೋಡೆಗೂ ಮಾಡಿಗೂ ನಡುವೆ ಗಾಳಿಯಾಡುವ ಜಾಗ ಬಿಟ್ಟಿರುವುದು ಈ ದಾಖಲೆಯ ಕಾರಣದಿಂದ. ಕಾಯಿಲೆಯ ದಿನಗಳ ಬಗ್ಗೆ ನಾನು ಏನನ್ನೂ ಘೋಷಿಸಲಿಲ್ಲ. ಮನೆಗಳ ಸಂಖ್ಯೆ ಚಿಕ್ಕದು, ಜ್ವರಕ್ಕೆ ಕಾರಣಗಳು ಹಲವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಇಲ್ಲಿ ಚಳಿಗಾಲ ಬೇಸಿಗೆಗಳಲ್ಲಿ ಬರುತ್ತದೆ. ಕಾಡಿನ ಉಣ್ಣೆಯಿಂದ ಬರುವ ಆ ಜ್ವರಕ್ಕೂ ಗೋಡೆಗೂ ಸಂಬಂಧವಿಲ್ಲವಾದ್ದರಿಂದ ಅದನ್ನು ಪ್ರತ್ಯೇಕ ಕಾಲಮ್ಮಿನಲ್ಲಿ ಬರೆಯಿಸಿದೆವು. ಮಳೆಗಾಲದ ಕೆಮ್ಮು ಶೀತ ಕಡಿಮೆಯಾದಂತೆ ಕಾಣುತ್ತದೆ, ಆದರೆ ಇಷ್ಟು ಮನೆಗಳಿಂದ ಹಾಗೆಂದು ಸಾಧಿಸಲು ಬಾರದು.

ಮನೆಗೆ ಖರ್ಚಾದ ಹಣ ಎಲ್ಲಿಗೆ ಹೋಯಿತೆಂಬುದನ್ನೂ ಬರೆದಿಟ್ಟೆವು. ಸಿಮೆಂಟು ಕಬ್ಬಿಣದ ಮನೆಯ ಖರ್ಚಿನ ದೊಡ್ಡ ಪಾಲು ಜಿಲ್ಲೆಯಿಂದಾಚೆ ಹೋಗುತ್ತದೆ. ಇಲ್ಲಿ ತಟ್ಟಿ ಹೆಣೆದ ಮೇದಾರ ಕುಟುಂಬಗಳಿಗೆ, ಬಿದಿರು ಬೆಳೆದ ರೈತರಿಗೆ, ಸ್ಥಳೀಯ ಬಡಗಿಗಳಿಗೆ ಹೋಯಿತು. ಅರಣ್ಯವಲ್ಲದ ಜಮೀನಿನ ಬಿದಿರನ್ನು 'ಮರ' ಎಂಬ ವ್ಯಾಖ್ಯೆಯಿಂದ ಕೇಂದ್ರ ಸರ್ಕಾರ 2017ರ ಕೊನೆಯಲ್ಲಿ ಹೊರಗಿಟ್ಟ ಮೇಲೆ ರೈತರಿಂದ ಕೊಳ್ಳುವುದು ಸುಲಭವಾಗಿದೆ.

ತಂಡದಲ್ಲಿ ಇನ್ನೂ ಒಮ್ಮತವಿಲ್ಲದ ಒಂದು ಪ್ರಶ್ನೆ ಉಳಿದಿದೆ. ಕೆಲವು ಕುಟುಂಬಗಳು ಕೈಯಲ್ಲಿ ಸ್ವಲ್ಪ ಹಣ ಸೇರಿದ ಕೂಡಲೇ ಮುಂಭಾಗದ ತಟ್ಟಿ ಗೋಡೆಯನ್ನು ತೆಗೆದು ಸಿಮೆಂಟ್ ಇಟ್ಟಿಗೆ ಕಟ್ಟಿಸಿಕೊಂಡಿವೆ. ಗೋಡೆ ಗಟ್ಟಿಯಾಗಿಯೇ ಇತ್ತು. ಬಿದಿರಿನ ಮನೆಯೆಂದರೆ ಬಡವರ ಮನೆ, ಹೆಣ್ಣು ನೋಡಲು ಬರುವವರು ಏನೆಂದುಕೊಳ್ಳುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಇದನ್ನು ಬಿದಿರಿನ ಸೋಲೆಂದು ಎಣಿಸಬೇಕೆಂದು ಕೆಲವರು ವಾದಿಸುತ್ತಾರೆ. ನಾನು ಹಾಗೆ ಎಣಿಸಿಲ್ಲ. ಗೋಡೆ ಕೆಟ್ಟು ಬದಲಿಸಿದವರು, ಗೋಡೆ ಚೆನ್ನಾಗಿದ್ದೂ ಬದಲಿಸಿದವರು ಎಂದು ಎರಡು ಬೇರೆ ಸಾಲು ಮಾಡಿ, ಎರಡನೆಯವರ ಕಾರಣವನ್ನು ಅವರ ಮಾತಿನಲ್ಲೇ ದಾಖಲಿಸುತ್ತಿದ್ದೇನೆ. ಟಾರ್ಪಾಲಿಗೆ ಹೋಗುತ್ತಿದ್ದ ಹಣ ಇಟ್ಟಿಗೆಗೆ ಹೋಗಿದ್ದರೆ ಅದನ್ನೂ ಮನೆಯ ಪರಿಣಾಮವೆಂದೇ ಬರೆಯಬೇಕಾಗುತ್ತದೆ.