ಜಿ13ಬಿಬಿ ಎಂಜಿನ್: ಕ್ಯಾಮ್ ಕೊಳ್ಳುವ ಮುಂಚೆ ಗೇಜ್ ಹಾಕಿ

ಹಳೇ ಮಾರುತಿ ಎಸ್ಟೀಮ್ ಅಥವಾ ಜಿಪ್ಸಿ ತರುವವರ ಮೊದಲ ಮಾತು, "ಅಣ್ಣಾ, ಪಿಕಪ್ ಸಾಲ್ತಾ ಇಲ್ಲ, ದೊಡ್ಡ ಕ್ಯಾಮ್ ಹಾಕಿಕೊಡಿ." ಕ್ಯಾಮ್ ಅಂದರೆ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್. ಆಯ್ತು ಅಂದು ನಾನು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹುಡುಕುತ್ತೇನೆ. ಈ ಗಾಡಿಗಳ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಬೇರೆ ಇಂಜೆಕ್ಟರ್ ಇರುವ) ಮಾಡೆಲ್‌ನಲ್ಲಿ ಇರುವುದು ಜಿ13ಬಿಬಿ. 1298 ಸಿಸಿ, 74 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 75.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 16 ವಾಲ್ವ್. ಇಷ್ಟು ವರ್ಷ ಓಡಿದ ಎಂಜಿನ್‌ನಲ್ಲಿ ಸೋರಿಹೋದ ಪವರ್ ವಾಪಸ್ ತಂದರೆ ಅರ್ಧ ಜನಕ್ಕೆ ಕ್ಯಾಮೇ ಬೇಡವಾಗುತ್ತದೆ.

ಎಂಜಿನ್ ಬಿಸಿ ಇರಲಿ, ಬ್ಯಾಟರಿ ಫುಲ್ ಇರಲಿ. ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪ್ ಎರಡಕ್ಕೂ ಕರೆಂಟ್ ತಪ್ಪಿಸಿ. ಒಂದೊಂದೇ ಪ್ಲಗ್ ತೂತಿಗೆ ಗೇಜ್ ಹಾಕಿ, ಒಬ್ಬರು ಆಕ್ಸಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಲಿ. ಮ್ಯಾನ್ಯುಯಲ್ ಹೇಳುವುದು ಚದರ ಸೆಂ.ಮೀ.ಗೆ 14 ಕೆಜಿ, ಕನಿಷ್ಠ 12. ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಗಾಳಿಯೇ ಹತ್ತು ಪರ್ಸೆಂಟ್ ತೆಳು. ಮಂಗಳೂರಲ್ಲಿ 14 ತೋರಿಸುವ ಎಂಜಿನ್ ಇಲ್ಲಿ ಹನ್ನೆರಡೂವರೆ ಚಿಲ್ಲರೆ ತೋರಿಸುತ್ತದೆ. ಅದನ್ನು ನೋಡಿ ಎಂಜಿನ್ ಹೋಯ್ತು ಅಂತ ಸಿಲಿಂಡರ್ ಬೋರ್ ಕೊರೆಸಲು ಕಳಿಸುವವರಿದ್ದಾರೆ, ಸುಮ್ನೆ ದುಡ್ಡು ದಂಡ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ನೋಡಿ. ಒಂದು ಕೆಜಿಗಿಂತ ಜಾಸ್ತಿ ಇದ್ದರೆ ತೊಂದರೆ ಇದೆ ಅಂತ ಅರ್ಥ.

ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಚೆನ್ನಾಗಿ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಖಚಿತ ಆಗಬೇಕಾ? ಆ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಗೇರಿಗೆ ಹಾಕಿ ಬ್ರೇಕ್ ಹಿಡಿದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಬಾಡಿಯಲ್ಲಿ ಕೇಳಿಸಿದರೆ ಇನ್‌ಟೇಕ್. ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಹೆಡ್ಡೇ ಸೀಳಿರಬಹುದು. ಹೆಡ್ ಬಿಚ್ಚುವ ಮುಂಚೆ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ತುದಿಯ ಸಣ್ಣ ಸಂದು) ಒಮ್ಮೆ ನೋಡಿ. ಟೈಟ್ ಆಗಿದ್ದರೆ ವಾಲ್ವ್ ಪೂರ್ತಿ ಕೂರುವುದೇ ಇಲ್ಲ.

ಬೋರ್ ಸವೆದಿದ್ದರೆ ಮೊದಲು ಓವರ್‌ಸೈಜ್ ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರ್ ಮಾಡಿಸಿ. ಪ್ರತಿ ಪಿಸ್ಟನ್ ಅಳೆದು ಅದರದ್ದೇ ಸಿಲಿಂಡರ್‌ಗೆ ಹೋನಿಂಗ್ (ಕೊನೆಯ ನಯ ಉಜ್ಜು) ಮಾಡಿಕೊಡಿ ಅಂತ ಒತ್ತಿ ಹೇಳಿ. "ಸ್ಟ್ಯಾಂಡರ್ಡ್ ಲೆಕ್ಕ ಗೊತ್ತು ಬಿಡಿ ಸಾರ್" ಅನ್ನುವ ಕಡೆ ಬ್ಲಾಕ್ ಇಳಿಸಬೇಡಿ.

ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಮಾತ್ರ ನಾನು ಯಾರ ಕೈಗೂ ಬಿಡುವುದಿಲ್ಲ. ಹೊಸ ಪ್ಯಾಕೆಟ್ ರಿಂಗ್ ಸರಿಯಾಗೇ ಇರುತ್ತೆ ಅನ್ನುವ ನಂಬಿಕೆ ಬೇಡ. ರಿಂಗನ್ನು ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಕೆಳಗು ಮಾಡಿ ಮೆಲ್ಲಗೆ ಒಂದಿಂಚು ಕೆಳಗೆ ತಳ್ಳಿ. ಆಗ ರಿಂಗ್ ಓರೆಯಾಗದೆ ನೆಟ್ಟಗೆ ಕೂರುತ್ತದೆ. ಫೀಲರ್ ಗೇಜ್ ತೂರಿಸಿ. ಟರ್ಬೊ ಇಲ್ಲದ ಎಂಜಿನ್‌ಗೆ ಬೋರ್‌ನ ಪ್ರತಿ ಇಂಚಿಗೆ ನಾಲ್ಕು ಥೌ (ಇಂಚಿನ ಸಾವಿರದ ಒಂದು ಭಾಗ) ಅನ್ನುವುದು ರೂಢಿಯ ಲೆಕ್ಕ, 74 ಮಿ.ಮೀ.ಗೆ ಸುಮಾರು 0.30 ಮಿ.ಮೀ. ಗ್ಯಾಪ್ ಅದಕ್ಕಿಂತ ಕಡಿಮೆ ಇದ್ದರೆ ಒಂದೇ ತುದಿಯನ್ನು ಸಣ್ಣ ಅರದಿಂದ ಹೊರಗಿನಿಂದ ಒಳಕ್ಕೆ ಉಜ್ಜಿ, ಉಳಿದ ಮುಳ್ಳನ್ನು ಆಯಿಲ್ ಸ್ಟೋನ್‌ನಲ್ಲಿ ತೆಗೆಯಿರಿ. ಗ್ಯಾಪ್ ಸಾಲದಿದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ, ಬೋರ್ ಗೀರಿಹೋಗುತ್ತದೆ.

ಈ ಬ್ಲಾಕ್ ಅಲ್ಯೂಮಿನಿಯಂ. ಹೆಡ್ ಬೋಲ್ಟ್ ತೂತುಗಳಲ್ಲಿ ಆಯಿಲ್ ನಿಂತಿದ್ದರೆ ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಬೋಲ್ಟ್ ಬಿಗಿಯುವಾಗ ಬ್ಲಾಕ್ ಸೀಳಬಹುದು. ನಡುವಿನಿಂದ ಹೊರಕ್ಕೆ, ಮೂರು ಸಲಕ್ಕೆ, ಟಾರ್ಕ್ ರೆಂಚ್‌ನಲ್ಲಿ. ಅಂದಾಜಿಗೆ ಬಿಗಿಯುವ ಕೈ ಎಷ್ಟೇ ಪಳಗಿದ್ದರೂ ಬೇಡ.

ಕಂಪ್ರೆಷನ್ ಏರಿಸಲು ಹೆಡ್ ಫೇಸಿಂಗ್ (ಹೆಡ್‌ನ ತಳ ಉಜ್ಜಿಸುವುದು) ಜಾಸ್ತಿ ಮಾಡಿಸುವ ಚಟ ಕೆಲವರಿಗಿದೆ. ಹೆಡ್ ತಗ್ಗಿದಷ್ಟೂ ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ, ಅಡ್ಜಸ್ಟ್ ಮಾಡುವ ಕ್ಯಾಮ್ ಪುಲ್ಲಿ ಇಲ್ಲದೆ ಅದು ಸರಿಹೋಗದು. ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಮೊದಲು ಹಳೇ ರಬ್ಬರ್ ಪೆಟ್ರೋಲ್ ಪೈಪ್‌ಗಳನ್ನು ಬದಲಿಸಿ. ಆಕ್ಸಿಜನ್ ಸೆನ್ಸರ್ ಇದ್ದರೆ ಮಾಮೂಲಿ ಓಟದಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಹೊಂದಿಸಿಕೊಳ್ಳುತ್ತದೆ, ಆದರೆ ಫುಲ್ ಥ್ರಾಟಲ್‌ನಲ್ಲಿ ಸೆನ್ಸರ್ ಮಾತು ಕೇಳುವುದಿಲ್ಲ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಾಲುವುದಿಲ್ಲ. ಮಿಶ್ರಣ ಎಷ್ಟಿದೆ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಹಾಕದೆ ಎಳೆಯಬೇಡಿ. ಇಷ್ಟೆಲ್ಲಾ ಸರಿಯಿದ್ದ ಮೇಲೆ ಹೆಡರ್ (ಎಕ್ಸಾಸ್ಟ್ ಪೈಪ್‌ಗಳು), ಪೋರ್ಟಿಂಗ್ (ಹೆಡ್‌ನ ಗಾಳಿದಾರಿ ಉಜ್ಜುವುದು), ಕೊನೆಗೆ ಕ್ಯಾಮ್. ಅದೂ ಟ್ರ್ಯಾಕ್ ಗಾಡಿಗೆ. ರೋಡ್ ಗಾಡಿಗೆ, ಮನಬಂದಂತೆ ಗಾಡಿ ಮಾರ್ಪಡಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ನೆನಪಿರಲಿ.

ಬಿಚ್ಚಿ ಜೋಡಿಸಿದ ಎಂಜಿನ್‌ನ ಮೊದಲ ಸ್ಟಾರ್ಟ್‌ಗೆ ಪ್ಲಗ್ ಹಾಕದೆ, ಪೆಟ್ರೋಲ್ ಬಿಡದೆ ಆಯಿಲ್ ಲೈಟ್ ಆರುವ ತನಕ ಸೆಲ್ಫ್ ಹೊಡೆಯಿರಿ, ತಡೆತಡೆದು, ಸೆಲ್ಫ್ ಮೋಟರ್ ಸುಡಬಾರದಲ್ವಾ. ಗಂಟೆಗಟ್ಟಲೆ ಐಡಲ್ ಬಿಟ್ಟರೆ ರಿಂಗ್ ಕೂರುವುದಿಲ್ಲ, ಲೋಡ್ ಕೊಟ್ಟು ಓಡಿಸಿ. ಮೊದಲ ಆಯಿಲ್ ಬೇಗ ಬದಲಿಸಿ. ಹಳೇ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಸಿಲಲ್ಲಿ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಸಣ್ಣ ಪುಡಿ ರಿಂಗ್ ಮತ್ತು ಸಿಲಿಂಡರ್ ಒಳಗಿನ ಕಬ್ಬಿಣದ ಲೈನರ್‌ನದು, ಸ್ವಲ್ಪ ಇದ್ದರೆ ಪರವಾಗಿಲ್ಲ. ಅಂಟದೆ ಹೊಳೆಯುವ ಚೂರುಗಳು ಕಂಡರೆ ಸ್ಟಾರ್ಟ್ ಮಾಡದೆ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಬೇರಿಂಗ್ ನೋಡಿ.