ಮಣ್ಣಿನ ಟೆನಿಸ್ ಅಂಕಣದ ನಿತ್ಯ ನಿರ್ವಹಣೆ

ಮಣ್ಣಿನ ಅಂಕಣವನ್ನು ಕಾಪಾಡುವುದೆಂದರೆ ಮುಖ್ಯವಾಗಿ ಅದರ ತೇವವನ್ನು ಕಾಪಾಡುವುದು. ತೇವ ಆರಿದರೆ ಮೇಲ್ಮಣ್ಣು ಪುಡಿಯಾಗಿ ಗಾಳಿಗೆ ಹಾರಿಹೋಗುತ್ತದೆ, ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಂಜೆಯ ಆಟ ಮುಗಿದ ಮೇಲೆ ಇಡೀ ಅಂಕಣಕ್ಕೆ ತುಂತುರಾಗಿ ನೀರುಣಿಸಿ, ಅದು ರಾತ್ರಿಯಿಡೀ ಒಳಗಿಳಿಯಲು ಬಿಡಬೇಕು.

ಬೆಳಿಗ್ಗೆ ತರಗೆಲೆ ಗುಡಿಸಿ, ಅಂಚಿನಲ್ಲಿ ಚಿಗುರಿದ ಗರಿಕೆಯನ್ನು ಬೇರುಸಹಿತ ಕಿತ್ತ ನಂತರವೇ ರೋಲರ್ ಎಳೆಯಬೇಕು. ಅದಕ್ಕೂ ಮೊದಲು ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ: ಗುರುತು ಮೂಡಬೇಕು, ಆದರೆ ಬೆರಳಿಗೆ ಮಣ್ಣು ಮೆತ್ತಬಾರದು. ಒಮ್ಮೆ ಮಳೆ ನಿಂತ ಅವಸರದಲ್ಲಿ ನಾನು ಹಸಿ ನೆಲದ ಮೇಲೆಯೇ ರೋಲರ್ ಎಳೆದಾಗ, ಸರಿಯಾಗಿ ಕಾಯದ ಹೆಂಚಿನಿಂದ ದೋಸೆ ಕಿತ್ತುಬಂದಂತೆ ಮಣ್ಣು ಚಕ್ಕೆಚಕ್ಕೆಯಾಗಿ ಎದ್ದುಬಂತು. ಅದನ್ನು ಸರಿಪಡಿಸಲು ವಾರ ಹಿಡಿಯಿತು.

ಪ್ರತಿ ಆಟದ ನಂತರ ಒದ್ದೆ ಗೋಣಿತಟ್ಟನ್ನೋ ನಾರಿನ ಚಾಪೆಯನ್ನೋ ಎಳೆದು ಹೆಜ್ಜೆಗುರುತುಗಳನ್ನು ಅಳಿಸಬೇಕು. ಅಂಕಣದ ಉದ್ದ 23.77 ಮೀಟರ್ ಆದರೂ ಆಟಗಾರರು ಬೇಸ್‌ಲೈನಿನ, ಅಂದರೆ ಅಂಕಣದ ತುದಿಯ ಗೆರೆಯ, ಹಿಂದೆಯೂ ಓಡಾಡುವುದರಿಂದ ಬೇಲಿಯವರೆಗೂ ಎಳೆಯುವುದು ಅಗತ್ಯ. ದಿನವೂ ಒಂದೇ ದಿಕ್ಕಿನಲ್ಲಿ ಎಳೆದರೆ ಮಣ್ಣು ಒಂದು ಬದಿಗೆ ಸರಿದು ದಿಬ್ಬವಾಗುತ್ತದೆ. ಸುಣ್ಣದ ಗೆರೆಗಳನ್ನು ಮಣ್ಣು ಸಮವಾದ ಮೇಲೆ, ದಾರ ಕಟ್ಟಿಯೇ ಎಳೆಯಿರಿ. ನೆಟ್‌ನ ಎತ್ತರ ನಡುವೆ 91.4 ಸೆಂಟಿಮೀಟರ್ ಇರಬೇಕು.

ಮಳೆಗಾಲದಲ್ಲಿ ನಿಂತ ನೀರನ್ನು ಪೊರಕೆಯಿಂದ ಗುಡಿಸುವುದು ಎಲ್ಲೆಡೆ ಕಾಣುವ ತಪ್ಪು. ನೀರಿನೊಂದಿಗೆ ನಯವಾದ ಮಣ್ಣೂ ಕೊಚ್ಚಿಹೋಗಿ, ಮುಂದಿನ ಮಳೆಗೆ ಅದೇ ತಗ್ಗು ಇನ್ನಷ್ಟು ಆಳವಾಗುತ್ತದೆ. ನೀರನ್ನು ಸ್ಪಂಜಿನಿಂದ ಹೀರಿ ತೆಗೆದು, ತಗ್ಗಿನ ಸುತ್ತ ಸುಣ್ಣದ ಗುರುತು ಹಾಕಿಟ್ಟುಕೊಂಡರೆ ನೆಲ ಒಣಗಿದ ಮೇಲೂ ಜಾಗ ತಪ್ಪುವುದಿಲ್ಲ. ಅಂಥ ತಗ್ಗಿಗೂ, ಸರ್ವ್ ಮಾಡುವವರ ಬೂಟು ತಿಕ್ಕಿ ಬೇಸ್‌ಲೈನಿನ ಬಳಿ ಬೀಳುವ ಗುಂಡಿಗೂ ಮಣ್ಣನ್ನು ಸುಮ್ಮನೆ ಸುರಿದರೆ ಅದು ಎರಡು ದಿನದಲ್ಲಿ ಬಿಲ್ಲೆಯಂತೆ ಏಳುತ್ತದೆ. ಮೊದಲು ತಳವನ್ನು ಕೆದಕಿ ನೀರು ಚಿಮುಕಿಸಿ, ಅಂಕಣಕ್ಕೆ ಬಳಸಿದ ಮಣ್ಣನ್ನೇ ಜರಡಿ ಹಿಡಿದು ತೆಳುಪದರಗಳಾಗಿ ತುಂಬಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿಯಬೇಕು. ಅದು ಗಟ್ಟಿಯಾಗುವವರೆಗೆ ಆ ತುದಿಯಲ್ಲಿ ಯಾರಿಗೂ ಆಡಲು ಬಿಡಬಾರದು.